ಮನೆಯಲ್ಲಿ ಪಂದಿ ಕರಿ (ಕೊಡಗಿನ ಹಂದಿ ಮಾಂಸದ ಅಡುಗೆ) ಚೆನ್ನಾಗಿ ಮಾಡುವವರು ರೆಸ್ಟೋರೆಂಟ್ ಕೆಲಸಕ್ಕೆ ಹೋಗಬಹುದೇ?

ನಾಪೋಕ್ಲು ಅಡುಗೆಮನೆ

ವಿಷಯಕ್ಕೆ ನೇರವಾಗಿ ಬರುತ್ತೇನೆ. ಮಡಿಕೇರಿಯ ಹೊರಗೆ, ಕುಶಾಲನಗರದ ರಸ್ತೆಯಲ್ಲಿ, ಪರಿಚಯದವರೊಬ್ಬರು ರೆಸ್ಟೋರೆಂಟ್ ತೆರೆಯುತ್ತಿದ್ದಾರೆ. ಅರುವತ್ತು ಜನ ಒಟ್ಟಿಗೆ ಕೂರುವಷ್ಟು ಜಾಗ. ತಂದೂರಿಗೆ, ಚೈನೀಸಿಗೆ ಮಾಸ್ಟರ್‌ಗಳು ಸಿಕ್ಕಿದ್ದಾರೆ. ಕೊಡಗಿನ ಅಡುಗೆಗೆ ಮಾತ್ರ ನಾನೇ ಬರಬೇಕಂತೆ. ಕೈಲ್ ಪೊಳ್ದ್ ಹಬ್ಬಕ್ಕೆ ನಮ್ಮ ಮನೆಯಲ್ಲಿ ಉಂಡವರು ಅವರು, ಅಂದಿನಿಂದ ಬಿಟ್ಟಿಲ್ಲ.

ನನಗೆ ವಯಸ್ಸು ಐವತ್ತರ ಹತ್ತಿರ. ಮದುವೆಯಾದಾಗಿನಿಂದ ಮನೆಯವರಿಗೆ, ನೆಂಟರಿಗೆ, ಕಾಫಿ ಕುಯ್ಯುವ ಕಾಲದಲ್ಲಿ ತೋಟದ ಕೆಲಸದವರಿಗೆ ಬೇಯಿಸಿ ಹಾಕಿದ್ದೇನೆ. ಮನೆತನದ ಹಳೆಯ ಐನ್‌ಮನೆಯಲ್ಲಿ ಒಕ್ಕದವರು, ಅಂದರೆ ಕುಟುಂಬದವರೆಲ್ಲ ಸೇರಿದಾಗ ತೊಂಬತ್ತು ಎಲೆ ಹಾಕಿದ್ದೂ ಇದೆ. ದೊಡ್ಡ ಪಾತ್ರೆ ಕಂಡರೆ ನನಗೆ ಭಯವಿಲ್ಲ. ಆದರೆ ಮೈಸೂರಿನಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದುತ್ತಿರುವ ಮಗಳು "ಅವ್ವ, ಬೇಡವೇ ಬೇಡ" ಎನ್ನುತ್ತಾಳೆ. ಯಾಕೆ ಎಂದರೆ "ಒಂದು ಶನಿವಾರ ರಾತ್ರಿ ಅಲ್ಲಿ ನಿಂತು ನೋಡು, ಆಮೇಲೆ ಮಾತನಾಡೋಣ" ಎಂಬ ಉತ್ತರ. ಯಜಮಾನರು "ನಿನ್ನಿಷ್ಟ" ಎಂದು ಹೇಳಿ ಕತ್ತಿ ತೆಗೆದುಕೊಂಡು ತೋಟಕ್ಕೆ ಹೋಗುತ್ತಾರೆ.

ಹೋಟೆಲ್ ಅಡುಗೆಮನೆಯಲ್ಲಿ ದುಡಿದವರು ಇಲ್ಲಿದ್ದರೆ ನಿಜ ಹೇಳಿ. ಹೊಗಳಿಕೆ ಬೇಡ, ಅದು ಸಾಕಷ್ಟು ಸಿಕ್ಕಿದೆ.

ಕಾಫಿ ಕಣ (ಸಿದ್ದಾಪುರ)

ಧಾರಾಳವಾಗಿ ಹೋಗಿ. ನಮ್ಮ ಹೋಂಸ್ಟೇಗೆ ಬರುವವರು ಕೋಣೆ ಹೇಗಿದೆ ಎಂದು ಕೇಳುವುದಕ್ಕೆ ಮೊದಲು ಊಟಕ್ಕೆ ಏನಿದೆ ಎಂದು ಕೇಳುತ್ತಾರೆ. ಮನೆಯ ರುಚಿಗೆ ಬೆಲೆ ಬಂದಿರುವ ಕಾಲ ಇದು.

ಒಂದು ಪ್ಲೇಟ್ ಗಿರಾಕಿ

ಅಕ್ಕ, ಗಿರಾಕಿಯಾಗಿ ಒಂದು ಮನವಿ. ದಯವಿಟ್ಟು ಹೋಗಿ, ನಮ್ಮನ್ನು ಕಾಪಾಡಿ. ಹೆದ್ದಾರಿಯ ಉದ್ದಕ್ಕೂ ಪಂದಿ ಕರಿಯ ಬೋರ್ಡುಗಳಿವೆ. ಒಳಗೆ ಹೋದರೆ ಬರುವುದು ಈರುಳ್ಳಿ ಟೊಮೆಟೊ ಗ್ರೇವಿಯಲ್ಲಿ ತೇಲುವ ಹಂದಿ ಮಾಂಸ. ಪಂದಿ ಕರಿಗೆ ಟೊಮೆಟೊ! ನಮ್ಮ ಕಪ್ಪು ಹುಳಿ ಕಾಚಂಪುಳಿಯ ಜಾಗದಲ್ಲಿ ಬಾಟಲಿಯ ವಿನೆಗರ್. ಕಪ್ಪು ಬಣ್ಣ ಬರಲಿ ಎಂದು ಸೋಯಾ ಸಾಸ್. ಇದನ್ನೆಲ್ಲ ತಿಂದು "ಕೂರ್ಗ್ ಸ್ಪೆಷಲ್" ಎಂದು ಫೋಟೊ ಹಾಕುವವರನ್ನು ಕಂಡರೆ ನನಗೆ ಅಳು ಬರುತ್ತದೆ.

ಬ್ರೇಕ್ ಶಿಫ್ಟ್ (ಸೋಮವಾರಪೇಟೆ)

ಅಕ್ಕ, ನೀವು ಕೇಳಿದ್ದು ನಿಜವನ್ನು. ನಾನು ಮಂಗಳೂರು, ಬೆಂಗಳೂರು, ಕೊನೆಗೆ ಮಡಿಕೇರಿಯ ಹೋಟೆಲುಗಳಲ್ಲಿ ಪಾತ್ರೆ ತೊಳೆಯುವುದರಿಂದ ಹಿಡಿದು ಮಾಸ್ಟರ್ ಆಗುವವರೆಗೆ ದುಡಿದವನು. ಈಗ ಬೆನ್ನು ಕೈಕೊಟ್ಟಿದೆ, ಮನೆಯಲ್ಲಿ ಏಲಕ್ಕಿ, ಕಾಳುಮೆಣಸು ನೋಡಿಕೊಂಡಿದ್ದೇನೆ.

ಮೊದಲು ಹೊತ್ತಿನ ಮಾತು. ಬೆಳಿಗ್ಗೆ ಹತ್ತಕ್ಕೆ ಹೋದರೆ ಮಧ್ಯಾಹ್ನ ಮೂರೂವರೆಗೆ ಬಿಡುತ್ತಾರೆ. ಮತ್ತೆ ಆರೂವರೆಗೆ ಒಲೆಯ ಮುಂದಿರಬೇಕು, ಮುಗಿಯುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಇದಕ್ಕೇ ಬ್ರೇಕ್ ಶಿಫ್ಟ್ ಎನ್ನುವುದು. ನಡುವಿನ ಮೂರು ಗಂಟೆಯಲ್ಲಿ ನೀವು ನಾಪೋಕ್ಲಿಗೆ ಹೋಗಿ ಬಂದು ಮಾಡುವುದು ಏನೂ ಇಲ್ಲ, ಅಕ್ಕಿ ಮೂಟೆಯ ಪಕ್ಕದಲ್ಲಿ ಕಾಲು ಚಾಚಿ ಮಲಗಬೇಕು, ಅಷ್ಟೆ. ರಾತ್ರಿ ಕೆಲಸ ಮುಗಿದ ಮೇಲೆ ನಿಮ್ಮ ಕಡೆಗೆ ಬಸ್ ಇರುವುದಿಲ್ಲ.

ಎರಡನೆಯದು ನಿಮ್ಮ ತೊಂಬತ್ತು ಎಲೆಯ ವಿಷಯ. ಅದು ಸಣ್ಣ ಕೆಲಸವೇನಲ್ಲ. ಆದರೆ ಆ ತೊಂಬತ್ತು ಜನ ಒಂದೇ ಅಡುಗೆಯನ್ನು, ಒಂದೇ ಹೊತ್ತಿಗೆ, ನೀವು ಬಡಿಸಿದಾಗ ಉಂಡರು. ತಡವಾದರೆ ಅಂಗಳದಲ್ಲಿ ಮಾತನಾಡುತ್ತ ಕಾದರು. ರೆಸ್ಟೋರೆಂಟಿನಲ್ಲಿ ಅರುವತ್ತು ಜನ ಅರುವತ್ತು ಹೊತ್ತಿಗೆ ಬರುತ್ತಾರೆ, ಬೇರೆ ಬೇರೆ ಕೇಳುತ್ತಾರೆ, ಯಾರೂ ಕಾಯುವುದಿಲ್ಲ. ಕೆಒಟಿ ಎಂಬ ಆರ್ಡರ್ ಚೀಟಿ ಬರುತ್ತದೆ. ಏಳನೆಯ ಮೇಜಿಗೆ ಎರಡು ಪಂದಿ ಕರಿ, ಖಾರ ಕಡಿಮೆಯ ಒಂದು ಕೋಳಿ ಕರಿ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಎರಡು ಪ್ಲೇಟು, ನೂಲ್‌ಪುಟ್ಟು (ಒತ್ತು ಶಾವಿಗೆ) ಒಂದು, ಮಗುವಿಗೆ ಫ್ರೈಡ್ ರೈಸ್, ಅಜ್ಜಿಗೆ ತಂದೂರಿ ರೊಟ್ಟಿ. ಇವೆಲ್ಲ ಮೂರು ಜನರ ಒಲೆಯಿಂದ ಬರಬೇಕು, ಆದರೆ ಮೇಜಿಗೆ ಒಟ್ಟಿಗೆ ಹೋಗಬೇಕು. ನಿಮ್ಮ ಕರಿ ಸಿದ್ಧವಾಗಿ ರೊಟ್ಟಿ ತಡವಾದರೆ ಕರಿ ತಣ್ಣಗಾಗುತ್ತದೆ. ಅಷ್ಟರಲ್ಲಿ ಹನ್ನೊಂದನೆಯ ಮೇಜಿನ ಚೀಟಿ, ಅದರ ಹಿಂದೆ ನಾಲ್ಕನೆಯದರ ಚೀಟಿ. ಶನಿವಾರ ರಾತ್ರಿ ಎಂದು ನಿಮ್ಮ ಮಗಳು ಹೇಳಿದ್ದು ಇದನ್ನೇ. ರುಚಿ ನೋಡಲು ಚಮಚ ಎತ್ತುವಷ್ಟು ಹೊತ್ತೂ ಇರುವುದಿಲ್ಲ. ರುಚಿಯನ್ನು ಬೆಳಿಗ್ಗೆಯೇ ಮುಗಿಸಿರಬೇಕು.

ಅಡುಗೆ ಬಲ್ಲವರು ಸೋಲುವುದು ಅಡುಗೆಯಲ್ಲಲ್ಲ. ಈ ಹೊತ್ತಿನ ಆಟದಲ್ಲಿ.

ಭಾಗಮಂಡಲದ ಹುಡುಗ

ಬ್ರೇಕ್ ಶಿಫ್ಟ್ ಅಣ್ಣ ಬರೆದದ್ದು ಅಕ್ಷರಶಃ ನಿಜ. ನಾನು ಬೆಂಗಳೂರಿನಲ್ಲಿ ಈಗಲೂ ಅದೇ ಕೆಲಸದಲ್ಲಿದ್ದೇನೆ, ಈ ಸಂದೇಶವನ್ನು ಮಧ್ಯಾಹ್ನದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಆದರೆ ಅವರು ಅರ್ಧ ಮಾತ್ರ ಹೇಳಿದ್ದಾರೆ. ಆ ಶನಿವಾರ ರಾತ್ರಿ ಚೀಟಿಗಳೆಲ್ಲ ಖಾಲಿಯಾಗಿ, ಒಂದೂ ಪ್ಲೇಟು ವಾಪಸು ಬರದೆ ಮುಗಿದಾಗ ಸಿಗುವ ಸಂತೋಷ ನನಗೆ ಬೇರೆಲ್ಲೂ ಸಿಕ್ಕಿಲ್ಲ. ನನ್ನಮ್ಮನ ಕೈರುಚಿ ನನಗಿಂತ ಎಷ್ಟೋ ಮೇಲು. ಆದರೆ ಆ ರಾತ್ರಿಯ ಕೆಲಸವನ್ನು ನಾನು ಮಾಡಬಲ್ಲೆ, ಅವರಿಂದ ಆಗದು. ಎರಡೂ ಬೇರೆ ಬೇರೆ ವಿದ್ಯೆ.

ಇನ್ನೊಂದು ಮಾತು. ಮುಖ್ಯ ಅಡುಗೆಯವರ ಬಾಯಿ ಹೇಗಿದೆ ಎಂದು ಮೊದಲೇ ವಿಚಾರಿಸಿ. ನಾನು ಮೊದಲು ಸೇರಿದ ಕಡೆ ಬೈಗುಳವೇ ಪಾಠವಾಗಿತ್ತು. ಬಿಸಿ ತಟ್ಟೆ ಎಸೆಯುವವರೂ ಇದ್ದರು. ಕೆಲಸ ಮುಗಿದ ಮೇಲೆ ಕುಡಿಯದೆ ನಿದ್ದೆ ಬರುವುದಿಲ್ಲ ಎನ್ನುವ ಸ್ಥಿತಿಗೆ ಬಂದ ಗೆಳೆಯರಿದ್ದಾರೆ. ಎಲ್ಲ ಕಡೆಯೂ ಹಾಗಿಲ್ಲ, ಈಗಿನ ನನ್ನ ಜಾಗದಲ್ಲಿ ಯಾರೂ ದನಿ ಎತ್ತುವುದಿಲ್ಲ.

ಪೊನ್ನಂಪೇಟೆ ಟೀಚರ್ (ನಿವೃತ್ತ)

ಇಲ್ಲಿಯವರೆಗೆ ಉತ್ತರ ಬರೆದವರೆಲ್ಲ ಗಂಡಸರೇ ಎಂದು ಕಾಣುತ್ತದೆ. ಹೋಟೆಲಿನ ಅಡುಗೆ ದುಡಿಮೆ, ಮನೆಯ ಅಡುಗೆ ಪ್ರೀತಿ ಎಂದು ಎಷ್ಟು ಸಲೀಸಾಗಿ ಭಾಗ ಮಾಡಿಬಿಟ್ಟಿರಿ! ಬೆಳಿಗ್ಗೆ ಐದಕ್ಕೆ ಎದ್ದು ಕಾಫಿ, ಒಟ್ಟಿ (ಅಕ್ಕಿ ರೊಟ್ಟಿ), ಗಂಜಿ, ಮಧ್ಯಾಹ್ನದ ಅನ್ನ, ಸಂಜೆಗೆ ತಿಂಡಿ, ರಾತ್ರಿಗೆ ಮತ್ತೆ ಒಲೆ. ಇದಕ್ಕೆ ವಾರದ ರಜೆ ಉಂಟೇ? ನಡುವೆ ಮೂರು ಗಂಟೆಯ ಬಿಡುವು ಉಂಟೇ? ಬ್ರೇಕ್ ಶಿಫ್ಟ್ ಅವರೇ, ನೀವು ಅಕ್ಕಿ ಮೂಟೆಯ ಪಕ್ಕ ಮಲಗುವ ಆ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಯಾರೋ ಒಬ್ಬರು ಪಾತ್ರೆ ತೊಳೆಯುತ್ತಿದ್ದರು.

ಹಬ್ಬದ ದಿನ ಹಂದಿ ಕಡಿದು ತುಂಡು ಮಾಡಲು, ದೊಡ್ಡ ಪಾತ್ರೆಯನ್ನು ಒಲೆಗೆ ಏರಿಸಲು ಗಂಡಸರು ಮುಂದೆ ಬರುತ್ತಾರೆ, ಮೆಚ್ಚುಗೆಯೂ ಅವರಿಗೇ. ಮಾರನೆಯ ಬೆಳಿಗ್ಗೆ ಆ ಪಾತ್ರೆಯ ತಳದ ಕೊಬ್ಬನ್ನು ಉಜ್ಜುವವರು ಯಾರು?

ನಾಪೋಕ್ಲಿನವರಿಗೆ ನಾನು ಹೇಳುವುದಿಷ್ಟು: ಮೊದಲ ಸಲ ನಿಮ್ಮ ಅಡುಗೆಗೆ ಸಂಬಳ ಎಂಬ ಮಾತು ಬಂದಿದೆ. ಅದನ್ನು ಹಗುರವಾಗಿ ಬಿಡಬೇಡಿ. ಆದರೆ ಹೋಗುವ ಮುನ್ನ "ನಾನು ಅಲ್ಲಿರುವಾಗ ಇಲ್ಲಿ ಯಾರು ಬೇಯಿಸುತ್ತಾರೆ" ಎಂದು ಯಜಮಾನರನ್ನು ಕೇಳಿ. ಕತ್ತಿ ಹಿಡಿದು ತೋಟಕ್ಕೆ ಹೊರಡುವ ಮೊದಲೇ ಕೇಳಿ.

ನಾಪೋಕ್ಲು ಅಡುಗೆಮನೆ

ಟೀಚರ್, ನಿಮ್ಮ ಸಂದೇಶವನ್ನು ಗಟ್ಟಿಯಾಗಿ ಓದಿ ಹೇಳಿದೆ. ಯಜಮಾನರು ನಕ್ಕರು, ಉತ್ತರ ಬರಲಿಲ್ಲ.

ಬ್ರೇಕ್ ಶಿಫ್ಟ್ ಅವರಿಗೆ ಎರಡು ಪ್ರಶ್ನೆ. ನಾನು ಎರಡು ಮೂರು ಕಿಲೋ ಮಾಂಸಕ್ಕೆ ಹಾಕುವ ಮಸಾಲೆಯನ್ನು ಹತ್ತು ಪಟ್ಟು ಮಾಡಿದರೆ ಹೋಟೆಲಿಗೆ ಸರಿಹೋಗುತ್ತದೆಯೇ? ಮಾಲೀಕರು ಅಕ್ಕಿ ಒಟ್ಟಿಯೂ ಬೇಕು, ಕಡಂಬುಟ್ಟು, ನೂಲ್‌ಪುಟ್ಟು, ತಟ್ಟೆಯಲ್ಲಿ ಹಬೆಗೆ ಬೇಯಿಸುವ ಪಾಪುಟ್ಟು ಎಲ್ಲವೂ ಬೇಕು ಎನ್ನುತ್ತಾರೆ. ಇವುಗಳಲ್ಲಿ ಯಾವುದು ನಡೆಯುತ್ತದೆ?

ಬ್ರೇಕ್ ಶಿಫ್ಟ್ (ಸೋಮವಾರಪೇಟೆ)

ಟೀಚರ್ ಹೇಳಿದ್ದಕ್ಕೆ ನನ್ನ ಬಳಿ ಎದುರುತ್ತರ ಇಲ್ಲ, ಮುಂದಕ್ಕೆ ಹೋಗುತ್ತೇನೆ.

ಮಸಾಲೆ ಹತ್ತು ಪಟ್ಟು ಮಾಡಿದರೆ ಖಂಡಿತ ಕೆಡುತ್ತದೆ, ಎರಡು ಕಾರಣಕ್ಕೆ. ಮೊದಲನೆಯದು ಹುರಿಯುವುದು. ಪಂದಿ ಕರಿಯ ಪುಡಿಗೆ ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಂತ್ಯ, ಕಾಳುಮೆಣಸನ್ನು ಕಪ್ಪಗಾಗುವವರೆಗೆ ಹುರಿಯುತ್ತೇವೆ. ಮನೆಯ ಬಾಣಲೆಯಲ್ಲಿ ಬಣ್ಣ ಕಂಡ ಕೂಡಲೇ ಇಳಿಸಿದರೆ ಅಲ್ಲಿಗೆ ನಿಲ್ಲುತ್ತದೆ. ಐದು ಕಿಲೋ ಕೊತ್ತಂಬರಿಯನ್ನು ಒಟ್ಟಿಗೆ ಹುರಿದರೆ ಒಲೆ ಆರಿಸಿದ ಮೇಲೂ ರಾಶಿಯ ಒಳಗಿನ ಬಿಸಿ ಅದನ್ನು ಹುರಿಯುತ್ತಲೇ ಇರುತ್ತದೆ. ನೀವು ಇಳಿಸಿದಾಗ ಸರಿಯಾಗಿದ್ದದ್ದು ಹತ್ತು ನಿಮಿಷದಲ್ಲಿ ಕಹಿಯಾಗುತ್ತದೆ. ಒಂದೊಂದು ಸಾಮಾನನ್ನು ಬೇರೆಬೇರೆಯಾಗಿ, ಕಡಿಮೆ ಕಡಿಮೆಯಾಗಿ ಹುರಿದು, ಬೇಕಾದ ಬಣ್ಣಕ್ಕೆ ಸ್ವಲ್ಪ ಮೊದಲೇ ಇಳಿಸಿ, ಅಗಲವಾದ ತಟ್ಟೆಗಳಲ್ಲಿ ತೆಳುವಾಗಿ ಹರಡಬೇಕು.

ಎರಡನೆಯದು ನೀರು. ಅಗಲವಾದ ಸಣ್ಣ ಪಾತ್ರೆಯಲ್ಲಿ ಎರಡು ಕಿಲೋ ಮಾಂಸ ಬೇಯುವಾಗ ನೀರು ಬೇಗ ಆವಿಯಾಗುತ್ತದೆ. ಇಪ್ಪತ್ತೈದು ಕಿಲೋ ಹಿಡಿಯುವ ಆಳದ ಪಾತ್ರೆಯಲ್ಲಿ ಮೇಲ್ಮೈ ಅಷ್ಟು ಹೆಚ್ಚಿರುವುದಿಲ್ಲ, ಮಾಂಸವೂ ನೀರು ಬಿಡುತ್ತದೆ. ಅಳತೆಯಂತೆ ಹತ್ತು ಪಟ್ಟು ನೀರು ಹಾಕಿದರೆ ಸಾರು ಆಗುತ್ತದೆ. ಬಹುಪಾಲು ಸಲ ನೀರೇ ಬೇಡ. ಅಡಿಯಲ್ಲಿ ಕೊಬ್ಬಿನ ತುಂಡು ಹಾಕಿ, ಸಣ್ಣ ಉರಿಯಲ್ಲಿ ಅದರದ್ದೇ ನೀರಿನಲ್ಲಿ ಬೇಯಿಸಿ. ಉಪ್ಪು ಮತ್ತು ಕಾಚಂಪುಳಿಯನ್ನು ಲೆಕ್ಕಕ್ಕಿಂತ ಕಡಿಮೆ ಹಾಕಿ, ಕೊನೆಯಲ್ಲಿ ನೋಡಿಕೊಂಡು ಏರಿಸಿ. ಕಾಚಂಪುಳಿ ಬೇರೆ ಬೇರೆ ಮನೆಯದ್ದಾದರೆ ಒಂದೊಂದರ ಹುಳಿ ಒಂದೊಂದು ತರಹ. ಪಣಪುಳಿ ಹಣ್ಣಿನ ರಸವನ್ನು ಯಾರು ಎಷ್ಟು ಕುದಿಸಿ ಇಳಿಸಿದ್ದಾರೆ ಎಂಬುದರ ಮೇಲೆ ಅದು ನಿಂತಿದೆ. ಹೋಟೆಲಿಗಾದರೆ ಮಳೆಗಾಲ ಮುಗಿದ ಕೂಡಲೇ ವರ್ಷಕ್ಕೆ ಸಾಕಾಗುವಷ್ಟನ್ನು ಒಬ್ಬರಿಂದಲೇ ತೆಗೆದಿಡಿ.

ಎಲ್ಲವನ್ನೂ ತೂಕ ಹಾಕಿ ಬರೆದಿಡಿ, ಕೈ ಅಳತೆ ಬೇಡ. ನಿಮಗೆ ಜ್ವರ ಬಂದ ದಿನ ಅಸ್ಸಾಮಿನ ಅಥವಾ ನೇಪಾಳದ ಹುಡುಗನೊಬ್ಬ ಆ ಚೀಟಿ ನೋಡಿ ಅದೇ ಕರಿ ಮಾಡಬೇಕು. ಅಂದಹಾಗೆ ಹಿಂದಿ ಸ್ವಲ್ಪ ಬೇಕಾಗುತ್ತದೆ.

ಈಗ ಪುಟ್ಟುಗಳ ವಿಷಯ. ಯಾವ ಅಡುಗೆ ಕಾಯುತ್ತದೆ, ಯಾವುದು ಕಾಯುವುದಿಲ್ಲ ಎಂದು ನೋಡಿ ಮೆನು ಬರೆಯಬೇಕು. ಪಂದಿ ಕರಿ ರೆಸ್ಟೋರೆಂಟಿಗೆಂದೇ ಹುಟ್ಟಿದ ಅಡುಗೆ. ಹುಳಿ ಇದೆ, ಕೊಬ್ಬು ಇದೆ, ಮಾರನೆಯ ದಿನ ಇನ್ನೂ ರುಚಿ. ಕಡಂಬುಟ್ಟು ನಡೆಯುತ್ತದೆ. ಅಕ್ಕಿ ತರಿಯನ್ನು ಬೇಯಿಸಿ ಉಂಡೆ ಕಟ್ಟುವ ಕೆಲಸ ಬೆಳಿಗ್ಗೆ ಮುಗಿಸಿ, ಹಬೆಯಲ್ಲಿ ಸರದಿಯಂತೆ ಬೇಯಿಸಬಹುದು. ಗಾಳಿ ತಾಗದಂತೆ ನೋಡಿಕೊಳ್ಳಿ, ತಾಗಿದರೆ ಗಟ್ಟಿಯಾಗುತ್ತದೆ. ಪಾಪುಟ್ಟು ತಟ್ಟೆಯ ಲೆಕ್ಕದಲ್ಲಿ ನಡೆಯುತ್ತದೆ. ನೂಲ್‌ಪುಟ್ಟನ್ನು ಬಿಸಿ ಇರುವಾಗಲೇ ಶಾವಿಗೆ ಒರಳಿನಲ್ಲಿ ಒತ್ತಬೇಕು. ತೋಳಿನ ಬಲದ ಕೆಲಸ, ಇಬ್ಬರು ಬೇಕು, ಬೆಳಗಿನ ತಿಂಡಿಗೆ ಮಾತ್ರ ಇಡಿ.

ಅಕ್ಕಿ ಒಟ್ಟಿ ಬೇಡ. ಅನ್ನ ಸೇರಿಸಿ ನಾದಿ, ಲಟ್ಟಿಸಿ, ಹೆಂಚಿನಿಂದ ಇಳಿಸಿ ಕೆಂಡದ ಮೇಲೆ ಉಬ್ಬಿಸಿ ಕೂಡಲೇ ತಿನ್ನುವ ಪದಾರ್ಥ ಅದು. ಒಬ್ಬಾಕೆ ಇಡೀ ರಾತ್ರಿ ಹೆಂಚಿನ ಮುಂದೆಯೇ ನಿಲ್ಲಬೇಕು. ಹದಿನೈದು ನಿಮಿಷ ಇಟ್ಟರೆ ಚರ್ಮದ ಹಾಗೆ.

ಒಂದು ಪ್ಲೇಟ್ ಗಿರಾಕಿ

ಒಟ್ಟಿ ಇಲ್ಲದ ಕೊಡಗಿನ ಹೋಟೆಲೇ? ನಾನು ಒಪ್ಪುವುದಿಲ್ಲ.

ಬ್ರೇಕ್ ಶಿಫ್ಟ್ (ಸೋಮವಾರಪೇಟೆ)

ಒಪ್ಪಬೇಡಿ. ಬಂದು ಲಟ್ಟಿಸಿ.

ಲೆಕ್ಕದ ಪುಸ್ತಕ (ಗೋಣಿಕೊಪ್ಪಲು)

ನಾನು ಸಣ್ಣದೊಂದು ಮೆಸ್ ನಡೆಸುತ್ತೇನೆ. ರುಚಿಯ ಬಗ್ಗೆ ಎಲ್ಲರೂ ಬರೆದಿದ್ದಾರೆ, ಕಾಗದದ ಬಗ್ಗೆ ಯಾರೂ ಬರೆದಿಲ್ಲ.

ಕೆಲಸಕ್ಕೆ ಸೇರುವುದಾದರೆ ತಿಳಿದಿರಲಿ: ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ 1961 ಹೋಟೆಲುಗಳಿಗೂ ಅನ್ವಯಿಸುತ್ತದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ರಜೆ. ಮೀರಿದ ಹೊತ್ತಿಗೆ ಎರಡು ಪಟ್ಟು ಕೂಲಿ. ನಮ್ಮ ಕಡೆ ಇದನ್ನು ಪೂರ್ತಿ ಪಾಲಿಸುವವರು ಎಷ್ಟು ಮಂದಿ ಎಂದು ಕೇಳಬೇಡಿ. ಆದರೂ ನೇಮಕದ ಪತ್ರವನ್ನು ಕೇಳಿ ಪಡೆಯಿರಿ. "ಪರಿಚಯದವರು, ಪತ್ರ ಯಾಕೆ" ಎಂದರೆ, ಪರಿಚಯ ಉಳಿಯಲಿ ಎಂದೇ ಪತ್ರ ಎಂದು ಹೇಳಿ.

ಬೇರೆ ಯೋಚನೆಯೂ ಇದೆ. ನೀವೇ ಮನೆಯಿಂದ ಕಡಂಬುಟ್ಟು, ಮಸಾಲೆ ಪುಡಿ, ಕರಿ ಮಾಡಿ ಅವರಿಗೆ ಕೊಡಬಹುದಲ್ಲ? ಮನೆಯಿಂದ ಮಾರಿದರೂ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ 2006ರ ಪ್ರಕಾರ ನೋಂದಣಿ ಬೇಕೇ ಬೇಕು. 14 ಅಂಕೆಯ ಸಂಖ್ಯೆ ಕೊಡುತ್ತಾರೆ, ಅರ್ಜಿ ಕಷ್ಟವೇನಲ್ಲ. ಗ್ಯಾಸ್‌ನ ವಿಷಯದಲ್ಲಿ ಎಚ್ಚರ: ಮನೆಯ 14.2 ಕಿಲೋ ಸಿಲಿಂಡರಿನಲ್ಲಿ ವ್ಯಾಪಾರದ ಅಡುಗೆ ಮಾಡುವಂತಿಲ್ಲ, 19 ಕಿಲೋದ ವಾಣಿಜ್ಯ ಸಿಲಿಂಡರ್ ಬೇಕು. ಮನೆಯಲ್ಲಿ ಮಾಡಿದರೆ ಖರ್ಚಿಲ್ಲ ಎಂದು ಲೆಕ್ಕ ಹಾಕುವವರು ಇಲ್ಲೇ ಎಡವುತ್ತಾರೆ. ಇನ್ನು ತಮ್ಮ ಕೂಲಿಯನ್ನಂತೂ ಯಾರೂ ಬರೆಯುವುದಿಲ್ಲ. ಸಾಮಾನಿನ ಖರ್ಚು ಮಾರುವ ಬೆಲೆಯ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿರಬೇಕು ಎನ್ನುವುದು ಈ ವ್ಯಾಪಾರದ ವಾಡಿಕೆ. ಉಳಿದದ್ದರಲ್ಲಿ ಬಾಡಿಗೆ, ಗ್ಯಾಸ್, ಕರೆಂಟು, ಸಂಬಳ, ಒಡೆದ ತಟ್ಟೆ ಎಲ್ಲವೂ ಬರಬೇಕು. ಒಳ್ಳೆಯ ಕಾಚಂಪುಳಿ, ಚರ್ಮ ಸಹಿತದ ಮಾಂಸ, ನಮ್ಮದೇ ಕಾಳುಮೆಣಸು ಹಾಕಿ ಆ ಲೆಕ್ಕಕ್ಕೆ ಕೂರಿಸಿ ನೋಡಿ. ಗಿರಾಕಿ ಮಹಾಶಯರು ಬೈಯುವ ಆ ವಿನೆಗರ್ ಎಲ್ಲಿಂದ ಬಂತು ಎಂದು ಆಗ ತಿಳಿಯುತ್ತದೆ.

ಮತ್ತೊಂದು ಮುಖ್ಯ ವಿಷಯ, ತಣಿಸುವುದು. ದೊಡ್ಡ ಪಾತ್ರೆ ತುಂಬ ಕರಿಯನ್ನು ರಾತ್ರಿ ಮುಚ್ಚಿಟ್ಟು ಹೋದರೆ ಅದು ಬೆಳಗಿನವರೆಗೂ ಉಗುರುಬೆಚ್ಚಗೆ ಉಳಿಯುತ್ತದೆ, ಕೆಡಿಸುವ ಜೀವಾಣುಗಳಿಗೆ ಬೇಕಾದದ್ದೇ ಅದು. ಬಿಸಿಯದ್ದು 60 ಡಿಗ್ರಿಗಿಂತ ಮೇಲಿರಬೇಕು, ತಣ್ಣನೆಯದ್ದು 5 ಡಿಗ್ರಿಗಿಂತ ಕೆಳಗೆ. ಅಗಲದ ಟ್ರೇಗಳಿಗೆ ತೆಳುವಾಗಿ ಸುರಿದು ಬೇಗ ತಣಿಸಿ ಫ್ರಿಜ್‌ಗೆ ಇಡಬೇಕು. ನಮ್ಮ ಅಜ್ಜಿಯಂದಿರು ಕಾಚಂಪುಳಿ ಹಾಕಿದ ಕರಿಯನ್ನು ದಿನವೂ ಕುದಿಸಿ ಕುದಿಸಿ ಇಡುತ್ತಿದ್ದರು, ನಿಜ. ಆದರೆ ಅವರು ಅದನ್ನು ಬೇರೆಯವರಿಗೆ ಮಾರುತ್ತಿರಲಿಲ್ಲ.

ನಿರ್ವಾಹಕರು

ಹೋಟೆಲೊಂದರ ಹೆಸರು ಹಿಡಿದು ದೂರಿದ್ದ ಎರಡು ಸಂದೇಶಗಳನ್ನು ತೆಗೆಯಲಾಗಿದೆ. ಕಾಡುಹಂದಿ ಎಲ್ಲಿ ಸಿಗುತ್ತದೆ ಎಂದು ಕೇಳಿದ ಸಂದೇಶವನ್ನೂ ತೆಗೆದಿದ್ದೇವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರಿಂದಲೂ ಇದೆ, ಇನ್ನೂ ಕೇಳುವವರಿದ್ದಾರೆ.

ಕಾಫಿ ಕಣ (ಸಿದ್ದಾಪುರ)

ನಾನು ಮೊದಲು ಒಂದೇ ಉಸಿರಿನಲ್ಲಿ "ಹೋಗಿ" ಎಂದಿದ್ದೆ. ಈಗಲೂ ಬೇಡ ಎನ್ನುವುದಿಲ್ಲ, ಆದರೆ ಕಾಲದ ಲೆಕ್ಕ ಹಾಕಿಕೊಳ್ಳಿ. ನಮ್ಮಲ್ಲಿ ಪ್ರವಾಸಿಗರು ಮುಗಿಬೀಳುವುದು ಮಡಿಕೇರಿ ದಸರೆಗೆ, ಡಿಸೆಂಬರಿನ ರಜೆಗೆ, ಏಪ್ರಿಲ್ ಮೇ ತಿಂಗಳಿಗೆ. ದಸರೆಯ ದಶಮಂಟಪಗಳ ಮೆರವಣಿಗೆಯ ರಾತ್ರಿ ಮಡಿಕೇರಿಯಲ್ಲಿ ಅಡುಗೆಯವರಿಗೆ ನಿದ್ದೆ ಎಂಬುದಿಲ್ಲ. ಡಿಸೆಂಬರ್ ಎಂದರೆ ತೋಟದಲ್ಲಿ ಅರೇಬಿಕಾ ಕಾಫಿ ಕುಯ್ಲು, ಅದರ ಬೆನ್ನಿಗೇ ರೊಬಸ್ಟಾ. ಅದೇ ಹೊತ್ತಿಗೆ ಸುಗ್ಗಿ ಹಬ್ಬ ಪುತ್ತರಿಯೂ ಬರುತ್ತದೆ. ಮನೆಗೆ ನೀವು ಹೆಚ್ಚು ಬೇಕಾದ ದಿನಗಳೇ ಹೋಟೆಲಿಗೂ ಹೆಚ್ಚು ಬೇಕಾದ ದಿನಗಳು. ಹೋಟೆಲಿನವರು ಪುತ್ತರಿ ಸ್ಪೆಷಲ್ ತಂಬುಟ್ಟು ಎಂದು ಬೋರ್ಡು ಬರೆಯುತ್ತಾರೆ, ನೀವು ಅಲ್ಲಿ ಬಾಳೆಹಣ್ಣು ಹಿಸುಕುತ್ತೀರಿ, ಗದ್ದೆಯಿಂದ ಕದಿರು ತರುವ ಹೊತ್ತಿಗೆ ಮನೆಯಲ್ಲಿ ನೀವಿರುವುದಿಲ್ಲ.

ಖಾಲಿ ಕಾಲವೂ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ರಸ್ತೆಗಳು ಹೋದಾಗ ಒಬ್ಬ ಪ್ರವಾಸಿಯೂ ಬರಲಿಲ್ಲ. 2020ರಲ್ಲಿ ಮತ್ತೆ ಅದೇ ಕಥೆ. ಆಗ ಮೊದಲು ಮನೆಗೆ ಕಳುಹಿಸಿದ್ದು ಅಡುಗೆಯವರನ್ನು. ಮಳೆಗಾಲದಲ್ಲಿ ಸಂಬಳ ಪೂರ್ತಿ ಬರುತ್ತದೆಯೇ ಎಂದು ಕೇಳಿ.

ನಾಪೋಕ್ಲು ಅಡುಗೆಮನೆಯ ಮಗಳು

ಅವ್ವ ಇಲ್ಲಿ ಬರೆದಿದ್ದಾರೆಂದು ಗೆಳತಿಯೊಬ್ಬಳು ತೋರಿಸಿದಳು. ಎಲ್ಲರಿಗೂ ನಮಸ್ಕಾರ.

ನಾನು ಬೇಡ ಎಂದದ್ದು ಅವ್ವನಿಗೆ ದಣಿವಾಗುತ್ತದೆ ಎಂದಲ್ಲ. ಅವರು ನನಗಿಂತ ಗಟ್ಟಿ. ತರಬೇತಿಗೆಂದು ಹೋಟೆಲೊಂದರಲ್ಲಿದ್ದಾಗ ನಾನು ನೋಡಿದ್ದು ಬೇರೆ. ಅವ್ವ ಕರಿ ಮಾಡುವಾಗ ಉಣ್ಣುವವರ ಮುಖ ನೋಡುತ್ತಾರೆ. ಅಪ್ಪನಿಗೆ ಕೊಬ್ಬಿನ ತುಂಡು, ಅಜ್ಜನಿಗೆ ಮೆತ್ತಗಿನದು, ನನಗೆ ಹುಳಿ ಸ್ವಲ್ಪ ಮುಂದೆ. ಮಳೆಗಾಲದಲ್ಲಿ ಮೆಣಸು ಹೆಚ್ಚು, ಬೇಸಿಗೆಯಲ್ಲಿ ಕಡಿಮೆ. ಕೊನೆಯ ಗಳಿಗೆಯವರೆಗೂ ಏನಾದರೂ ಬದಲಿಸುತ್ತಲೇ ಇರುತ್ತಾರೆ, ಅದೇ ಅವರ ಅಡುಗೆ. ರೆಸ್ಟೋರೆಂಟಿನಲ್ಲಿ ಆ ಕೈಯನ್ನು ಕಟ್ಟಿಹಾಕುತ್ತಾರೆ. ಡಿಸೆಂಬರಿನಲ್ಲಿ ತಿಂದವರು ಜೂನ್‌ನಲ್ಲಿ ಬಂದಾಗ ಅದೇ ರುಚಿ ಕೇಳುತ್ತಾರೆ. ತುಂಡುಗಳು ಇಷ್ಟೇ ಗಾತ್ರ, ಪ್ಲೇಟಿಗೆ ಇಷ್ಟೇ ಗ್ರಾಂ. ಉಣ್ಣುವವರ ಮುಖ ಕಾಣುವುದೇ ಇಲ್ಲ, ಗೋಡೆಯಾಚೆಯಿಂದ ಖಾಲಿ ತಟ್ಟೆ ಬರುತ್ತದೆ.

ತಟ್ಟೆಯಲ್ಲಿ ಅರ್ಧ ಉಳಿದು ಬಂದರೆ ಅವ್ವ ರಾತ್ರಿಯಿಡೀ ಯೋಚಿಸುತ್ತಾರೆ. ಅಲ್ಲಿ ಎಷ್ಟೋ ತಟ್ಟೆಗಳು ಹಾಗೆ ಬರುತ್ತವೆ, ಬಹಳ ಸಲ ಅಡುಗೆಯದ್ದು ತಪ್ಪೇ ಇರುವುದಿಲ್ಲ. ಇದು ನನಗಿರುವ ಹೆದರಿಕೆ.

ಭಾಗಮಂಡಲದ ಹುಡುಗ

ತಂಗಿ ಹೇಳಿದ ಮಾತು ಸರಿ. ನನಗೂ ಮೊದಲ ವರ್ಷ ವಾಪಸು ಬಂದ ತಟ್ಟೆಗಳೇ ಕನಸಿನಲ್ಲಿ ಬರುತ್ತಿದ್ದವು. ಈಗ ನೋಡುವುದಿಲ್ಲ. ನೋಡದಿರುವುದನ್ನು ಕಲಿತದ್ದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ. ಊರಿಗೆ ಬಂದಾಗ ಅಮ್ಮನಿಗೆ ಅಡುಗೆ ಮಾಡಿಕೊಡುತ್ತೇನೆ ಎಂದು ಹೊರಡುತ್ತೇನೆ, ಕೈ ತಾನಾಗಿ ಇಪ್ಪತ್ತು ಜನರ ಈರುಳ್ಳಿ ಹೆಚ್ಚುತ್ತದೆ.

ಪೊನ್ನಂಪೇಟೆ ಟೀಚರ್ (ನಿವೃತ್ತ)

ಮಗಳೇ, ನಿನ್ನ ಬರಹ ಇಷ್ಟವಾಯಿತು. ಆದರೆ ನಿನ್ನ ಅವ್ವನ ಕೈಯನ್ನು ಹೋಟೆಲು ಕಟ್ಟಿಹಾಕುತ್ತದೆ ಎಂದೆಯಲ್ಲ, ಮನೆಯೂ ಕಟ್ಟಿಹಾಕುತ್ತದೆ. ಅಜ್ಜನಿಗೆ ಮೆತ್ತಗೆ, ಅಪ್ಪನಿಗೆ ಕೊಬ್ಬು, ನಿನಗೆ ಹುಳಿ. ಅವಳಿಗೆ ಏನು ಇಷ್ಟ ಎಂದು ಆ ಪಟ್ಟಿಯಲ್ಲಿಲ್ಲ.

ನಾಪೋಕ್ಲು ಅಡುಗೆಮನೆಯ ಮಗಳು

ಟೀಚರ್, ಕುಮ್ಮು ಕರಿ. ಅಣಬೆ ಏಳುವ ಕಾಲದಲ್ಲಿ ಮಾತ್ರ. ಅದನ್ನು ತಮಗೆ ಎತ್ತಿಟ್ಟುಕೊಂಡೇ ನಮಗೆ ಬಡಿಸುತ್ತಾರೆ.

ಬ್ರೇಕ್ ಶಿಫ್ಟ್ (ಸೋಮವಾರಪೇಟೆ)

ಒಂದು ಉಪಾಯ ಹೇಳಿ ನಾನು ಸುಮ್ಮನಾಗುತ್ತೇನೆ. ದೊಡ್ಡ ಅಡುಗೆಮನೆಗಳಲ್ಲಿ ಕೆಲಸ ಎರಡು ಪಾಲು. ಬೆಳಗಿನ ತಯಾರಿ ಒಂದು, ಚೀಟಿ ಬಂದಾಗ ಕೊಡುವ ಕೆಲಸ ಇನ್ನೊಂದು. ರುಚಿ ಇರುವುದು ಮೊದಲನೆಯದರಲ್ಲಿ, ಗಡಿಬಿಡಿ ಎರಡನೆಯದರಲ್ಲಿ. ಅಕ್ಕ, ನೀವು ಮೊದಲನೆಯದನ್ನು ಮಾತ್ರ ಕೇಳಿ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರು. ಮಸಾಲೆ ಹುರಿಯುವುದು, ಕರಿ ಬೇಯಿಸುವುದು, ಉಂಡೆ ಕಟ್ಟಿಸುವುದು, ಕಣಿಲೆಯನ್ನು (ಎಳೆ ಬಿದಿರು) ನೆನೆಸಿ ದಿನವೂ ನೀರು ಬದಲಿಸುವುದು. ರಾತ್ರಿ ಬಿಸಿ ಮಾಡಿ ತಟ್ಟೆಗೆ ಹಾಕಲು ಇಬ್ಬರು ಹುಡುಗರನ್ನು ತಯಾರು ಮಾಡಿ. ಮಾಲೀಕರು ಒಪ್ಪದಿದ್ದರೆ ಅವರಿಗೆ ಬೇಕಾಗಿರುವುದು ನಿಮ್ಮ ಕೈರುಚಿಯಲ್ಲ, ಕಡಿಮೆ ಸಂಬಳದ ಮಾಸ್ಟರ್.

ಆದರೂ ಮಗಳು ಹೇಳಿದಂತೆ ಒಂದು ಶನಿವಾರ ರಾತ್ರಿ ಅಲ್ಲಿ ನಿಂತು ನೋಡಿ. ಮುಂದೆ ಮುಚ್ಚಿದ, ಜಾರದ ಅಡಿಯ ಶೂ ಹಾಕಿಕೊಂಡು ಹೋಗಿ. ಸೀರೆಯ ಸೆರಗು, ಗಾಜಿನ ಬಳೆ, ಚಪ್ಪಲಿ ಯಾವುದೂ ಬೇಡ.

ನಾಪೋಕ್ಲು ಅಡುಗೆಮನೆ

ನಿನ್ನೆ ಮಾಲೀಕರ ಜೊತೆ ಮಾತನಾಡಿದೆ. ಯಜಮಾನರೂ ಬಂದಿದ್ದರು. ನಾನು ಕೇಳಿದ್ದು: ಬೆಳಗಿನ ತಯಾರಿ ಮಾತ್ರ. ಬುಧವಾರ ರಜೆ. ಕೈಲ್ ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿಗೆ ನಾನು ಮನೆಯಲ್ಲೇ. ಮಳೆಗಾಲದಲ್ಲೂ ಪೂರ್ತಿ ಸಂಬಳ, ಎಲ್ಲವೂ ಕಾಗದದಲ್ಲಿ. ಟೊಮೆಟೊ ಇಲ್ಲ, ವಿನೆಗರ್ ಇಲ್ಲ. ಕಾಚಂಪುಳಿಯನ್ನು ನಾನೇ ಆರಿಸುತ್ತೇನೆ.

ಮಳೆಗಾಲದ ಸಂಬಳದ ಬಗ್ಗೆ ಎಳೆದಾಡಿದರು. ಜೂನ್‌ನಿಂದ ಆಗಸ್ಟ್‌ವರೆಗೆ ಮುಕ್ಕಾಲು ಎಂದರು. ನಾನು ಇನ್ನೂ ಹೂಂ ಎಂದಿಲ್ಲ. ಉಳಿದದ್ದಕ್ಕೆ ಒಪ್ಪಿದ್ದಾರೆ. ಶನಿವಾರ ರಾತ್ರಿ ನೋಡಲು ಇವರ ಹೋಟೆಲು ಇನ್ನೂ ತೆರೆದಿಲ್ಲವಲ್ಲ, ಹಾಗಾಗಿ ಅವರ ಸ್ನೇಹಿತರ ಹೋಟೆಲಿನ ಅಡುಗೆಮನೆಯಲ್ಲಿ ಈ ವಾರ ನಿಲ್ಲುತ್ತೇನೆ. ಮಗಳು ತನ್ನ ಶೂ ಕೊಡುತ್ತಾಳೆ. ಅಳತೆ ಒಂದೇ.

ಟೀಚರ್, ನಿಮ್ಮ ಪ್ರಶ್ನೆಗೆ ಉತ್ತರ ಬಂದಿದೆ. ಮಧ್ಯಾಹ್ನದ ಅನ್ನ, ಸಾರು ಯಜಮಾನರದು. ಸಾರು ಹೇಗಿರುತ್ತದೆ ಎಂದು ಮುಂದೆ ಬರೆಯುತ್ತೇನೆ.

ಒಟ್ಟಿಯ ವಿಷಯದಲ್ಲಿ ಮಾಲೀಕರು ಬಗ್ಗಲಿಲ್ಲ, ಬೇಕೇ ಬೇಕು ಎಂದರು. ಕೊನೆಗೆ ಭಾನುವಾರ ಮಧ್ಯಾಹ್ನ ಮಾತ್ರ, ಹಿಂದಿನ ದಿನವೇ ಹೇಳಿದವರಿಗೆ ಮಾತ್ರ ಎಂದಾಯಿತು.

ಒಂದು ಪ್ಲೇಟ್ ಗಿರಾಕಿ

ಮೊದಲ ಭಾನುವಾರಕ್ಕೆ ನಮ್ಮ ಮನೆಯ ಆರು ಜನರನ್ನು ಬರೆದುಕೊಳ್ಳಿ. ಒಬ್ಬರಿಗೆ ನಾಲ್ಕು ಒಟ್ಟಿಯಾದರೂ ಬೇಕು.

ಬ್ರೇಕ್ ಶಿಫ್ಟ್ (ಸೋಮವಾರಪೇಟೆ)

ಅಕ್ಕ, ಇವರ ಚೀಟಿಯನ್ನು ಕೊನೆಗೆ ಇಡಿ.